ಲೋಹದ ವಿಮಾನಕ್ಕೆ ಸೀಲೆಂಟ್ ಆರಿಸಿದ ಬಗೆ

ಅಲ್ಯುಮಿನಿಯಂ ತಗಡುಗಳನ್ನು ಒಂದರ ಮೇಲೊಂದಿಟ್ಟು ರಿವೆಟ್ ಹೊಡೆದರೆ ರೆಕ್ಕೆಗೆ ಬೇಕಾದ ಬಲವೇನೋ ಬರುತ್ತದೆ, ಆದರೆ ಆ ರೆಕ್ಕೆಯೊಳಗೆ ಪೆಟ್ರೋಲ್ ಸುರಿದರೆ ಅದು ನಿಲ್ಲುವುದಿಲ್ಲ. ಮಂಗಳೂರಿನ ಕುಲಶೇಖರದಲ್ಲಿ, ಮನೆಯ ಹಿಂದಿನ ಶೆಡ್ಡಿನಲ್ಲಿ ನಾನೂ ನನ್ನ ಸೋದರಮಾವನೂ ಸೇರಿ ಕಟ್ಟುತ್ತಿರುವ ಎರಡು ಸೀಟಿನ, ಬಿಡಿಭಾಗಗಳಾಗಿ ಬರುವ ಕಿಟ್ ವಿಮಾನದಲ್ಲಿ ಇಂಧನಕ್ಕೆಂದು ಬೇರೆ ಡಬ್ಬಿ ಇಲ್ಲ. ರೆಕ್ಕೆಯ ಮುಂಭಾಗದ ಒಂದು ತುಂಡನ್ನೇ ಎಲ್ಲ ಕಡೆಯಿಂದ ಮುಚ್ಚಿ ಟ್ಯಾಂಕ್ ಮಾಡಬೇಕು. ಒಂದೊಂದು ಟ್ಯಾಂಕಿನಲ್ಲಿ ನೂರಾರು ರಿವೆಟ್‌ಗಳಿವೆ, ಮತ್ತು ಪ್ರತಿ ರಿವೆಟ್, ಪ್ರತಿ ತಗಡಿನ ಅಂಚು, ಪ್ರತಿ ಮೂಲೆ ಸೋರಬಹುದಾದ ಜಾಗವೇ. ಮಾವ ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿದ್ದು ನಿವೃತ್ತರಾದವರು. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. ಇಡೀ ಕಿಟ್ಟಿನಲ್ಲಿ ನಾವಿಬ್ಬರೂ ಅತಿ ಹೆಚ್ಚು ಓದಿ, ವಾದ ಮಾಡಿ, ಪರೀಕ್ಷಿಸಿ ನೋಡಿದ್ದು ಎಂಜಿನ್ನನ್ನಲ್ಲ, ರೆಕ್ಕೆಯ ಆಕಾರವನ್ನೂ ಅಲ್ಲ, ಸೋರದಂತೆ ಜಾಯಿಂಟಿಗೆ ಹಚ್ಚುವ ಈ ಸೀಲೆಂಟ್‌ಗಳನ್ನು.

ಕಿಟ್ಟಿನ ಕೈಪಿಡಿ ಒಂದು ಕಡೆ ಟ್ಯಾಂಕ್ ಸೀಲೆಂಟ್ ಎನ್ನುತ್ತದೆ, ಇನ್ನೊಂದು ಕಡೆ ಫೈರ್‌ವಾಲ್ ಸೀಲೆಂಟ್, ಮತ್ತೊಂದು ಕಡೆ ಬರೀ ಸಿಲಿಕೋನ್. ಎಲ್ಲವನ್ನೂ ಪಟ್ಟಿ ಮಾಡಿ, ಯಾವ ಕಂಪನಿಯದು ಒಳ್ಳೆಯದು ಎಂದು ನಾನು ಕೇಳಿದಾಗ ಮಾವ ಹೇಳಿದ ಮಾತು ಮುಂದಿನ ಇಡೀ ಕೆಲಸಕ್ಕೆ ದಾರಿಯಾಯಿತು: "ಕಂಪನಿ ಆಮೇಲೆ ನೋಡುವ ಮಾರಾಯಾ. ಮೊದಲು ಆ ಜಾಯಿಂಟಿಗೆ ಏನು ತಾಗುತ್ತದೆ, ಎಷ್ಟು ಬಿಸಿ ಆಗುತ್ತದೆ, ನಾಳೆ ಅದನ್ನು ಬಿಚ್ಚಲಿಕ್ಕೆ ಉಂಟಾ ಇಲ್ಲವಾ, ಅದನ್ನು ಹೇಳು." ಹೀಗೆ ಕೇಳುತ್ತಾ ಹೋದರೆ ಇಡೀ ವಿಮಾನಕ್ಕೆ ಒಂದೇ ಸೀಲೆಂಟ್ ಸಾಲದೆಂಬುದು ಬೇಗ ತಿಳಿಯುತ್ತದೆ. ಪೆಟ್ರೋಲಿನಲ್ಲಿ ವರ್ಷಗಟ್ಟಲೆ ಮುಳುಗಿರುವ ಜಾಯಿಂಟ್ ಬೇರೆ, ಎಂಜಿನ್ ಕೋಣೆಯ ಬೆಂಕಿಯನ್ನು ತಡೆಯಬೇಕಾದ ಜಾಯಿಂಟ್ ಬೇರೆ, ಬರೀ ಉಪ್ಪುಗಾಳಿಯನ್ನು ಹೊರಗಿಡಬೇಕಾದ ಜಾಯಿಂಟ್ ಬೇರೆ.

ಆದರೂ ಹತ್ತಿರದಲ್ಲಿ ಸಿಗುವುದನ್ನು ನೋಡದೆ ದೂರದಿಂದ ತರಿಸುವುದು ಸರಿಯಲ್ಲವೆಂದು ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿದೆವು. ಅಲ್ಲಿ ಹೇರಳವಾಗಿ ಸಿಗುವುದು ಕಿಟಕಿಗೂ ಬಚ್ಚಲಿಗೂ ಹಚ್ಚುವ ಸಿಲಿಕೋನ್. ಟ್ಯೂಬಿನ ಮೂತಿ ಕತ್ತರಿಸಿದ ಕೂಡಲೇ ಹುಳಿಯಾದ ವಿನೆಗರ್ ವಾಸನೆ ಬಂದರೆ ಅದು ಗಟ್ಟಿಯಾಗುವಾಗ ಅಸೆಟಿಕ್ ಆಮ್ಲ ಬಿಡುವ ಜಾತಿಯದೆಂದು ಅರ್ಥ, ಮತ್ತು ಆ ಆಮ್ಲ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ವಾಸನೆಯಿಲ್ಲದ ನ್ಯೂಟ್ರಲ್ ಸಿಲಿಕೋನ್ ಲೋಹಕ್ಕೆ ಹಾನಿ ಮಾಡುವುದಿಲ್ಲ, ಆದರೆ ಪೆಟ್ರೋಲಿನಲ್ಲಿ ಸಾಮಾನ್ಯ ಸಿಲಿಕೋನ್ ಯಾವುದೇ ಇರಲಿ, ಉಬ್ಬಿ ಮೆತ್ತಗಾಗುತ್ತದೆ. ಇದಲ್ಲದೆ ಸಿಲಿಕೋನಿನ ಅಂಶ ಒಮ್ಮೆ ತಗಡಿಗೆ ತಾಗಿದರೆ ಅಲ್ಲಿ ಮುಂದೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಸೀಲೆಂಟೂ ಹಿಡಿಯುವುದಿಲ್ಲ. ಅದಕ್ಕಾಗಿ ಟ್ಯಾಂಕಿನ ಕೆಲಸ ಮುಗಿಯುವ ತನಕ ಸಿಲಿಕೋನ್ ಟ್ಯೂಬನ್ನು ಶೆಡ್ಡಿನೊಳಗೇ ತರಬಾರದೆಂದು ಕಟ್ಟಪ್ಪಣೆ ಮಾಡಿಕೊಂಡೆವು. ಮಲ್ಪೆಯಲ್ಲಿ ದೋಣಿಗಳಿಗೆ ಬಳಸುವ ಪಾಲಿಯುರೆಥೇನ್ ಸೀಲೆಂಟ್ ಉಪ್ಪುನೀರಿಗೆ ಚೆನ್ನಾಗಿ ತಾಳುತ್ತದೆ. ಆದರೆ ಪೆಟ್ರೋಲಿನಲ್ಲಿ ಸದಾ ಮುಳುಗಿರುವುದಕ್ಕೆ ಅದನ್ನು ಮಾಡಿದ್ದಲ್ಲ.

ನಮ್ಮನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ಕಟ್ಟಡದವರು ಕಾಂಕ್ರೀಟ್ ಜಾಯಿಂಟುಗಳಿಗೆ ತುಂಬುವ ಎರಡು ಡಬ್ಬಿಯ ಪಾಲಿಸಲ್ಫೈಡ್. ಅದಕ್ಕೆ ಐಎಸ್ 12118 ಎಂಬ ಭಾರತೀಯ ಮಾನಕವೇ ಇದೆ. ವಿಮಾನದ ಟ್ಯಾಂಕಿಗೆ ಬೇಕಾದುದೂ ಪಾಲಿಸಲ್ಫೈಡೇ, ಬೆಲೆಯಲ್ಲಿ ಮಾತ್ರ ಅಜಗಜಾಂತರ. ಹಾಗಾದರೆ ಇದೇ ಏಕಾಗಬಾರದು? ಉತ್ತರವನ್ನು ಪುಸ್ತಕದಲ್ಲಿ ಓದಿ ಒಪ್ಪಿಕೊಳ್ಳುವ ಬದಲು ಗಾಜಿನ ಉಪ್ಪಿನಕಾಯಿ ಭರಣಿಗಳಲ್ಲಿ ನೋಡಲು ನಿರ್ಧರಿಸಿದೆವು. ಸಣ್ಣ ಅಲ್ಯುಮಿನಿಯಂ ಪಟ್ಟಿಗಳಿಗೆ ಸಿಲಿಕೋನ್, ಪಾಲಿಯುರೆಥೇನ್, ಕಟ್ಟಡದ ಪಾಲಿಸಲ್ಫೈಡ್, ವಿಮಾನದ ಪಾಲಿಸಲ್ಫೈಡ್ ಹಚ್ಚಿ, ಪೂರ್ತಿ ಗಟ್ಟಿಯಾದ ಮೇಲೆ ಒಂದು ಸಾಲು ಭರಣಿಗಳಲ್ಲಿ ಬಂಕಿನ ಪೆಟ್ರೋಲ್, ಇನ್ನೊಂದರಲ್ಲಿ ವಿಮಾನದ ಪೆಟ್ರೋಲಾದ ಏವ್‌ಗ್ಯಾಸ್ ಸುರಿದು, ಮನೆಯಿಂದ ದೂರ, ನೆರಳಿನಲ್ಲಿ ಮುಚ್ಚಿಟ್ಟೆವು. ಸಿಲಿಕೋನ್ ಕೆಲವೇ ದಿನಗಳಲ್ಲಿ ಊದಿಕೊಂಡು ಉಗುರು ತಾಗಿಸಿದರೆ ಕಳಚಿ ಬಂತು. ಕಟ್ಟಡದ ಪಾಲಿಸಲ್ಫೈಡ್ ಭರಣಿಯಲ್ಲಿದ್ದಾಗ ಚೆನ್ನಾಗಿಯೇ ಕಾಣುತ್ತಿತ್ತು. ಹೊರತೆಗೆದು ಒಣಗಲು ಬಿಟ್ಟಾಗ ಮಾತ್ರ ಕುಗ್ಗಿ, ಬಿರುಸಾಗಿ, ಅಂಚಿನಲ್ಲಿ ತಗಡಿನಿಂದ ಎದ್ದು ನಿಂತಿತು. ಅದನ್ನು ಮೃದುವಾಗಿಡಲು ಬೆರೆಸಿದ ಎಣ್ಣೆಯಂಥ ಪದಾರ್ಥವನ್ನು ಪೆಟ್ರೋಲ್ ಹೀರಿಬಿಟ್ಟಿರುತ್ತದೆ. ಟ್ಯಾಂಕ್ ಒಮ್ಮೆ ತುಂಬುತ್ತದೆ, ಒಮ್ಮೆ ಖಾಲಿಯಾಗುತ್ತದೆ. ಆ ಏರಿಳಿತದಲ್ಲಿ ಅದು ಬಾಳುವುದಿಲ್ಲ. ವಿಮಾನದ ದರ್ಜೆಯದು ಎರಡೂ ಇಂಧನಗಳಲ್ಲಿ ಹಾಗೆಯೇ ಉಳಿಯಿತು.

ಬಂಕಿನ ಪೆಟ್ರೋಲನ್ನೂ ಪರೀಕ್ಷೆಗೆ ಸೇರಿಸಿದ್ದಕ್ಕೆ ಕಾರಣವಿದೆ. ಈಗ ನಮ್ಮಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರ ತನಕ ಎಥೆನಾಲ್ ಇರುತ್ತದೆ. ಸಣ್ಣ ವಿಮಾನಗಳಲ್ಲಿ ಬಹಳ ಬಳಕೆಯಲ್ಲಿರುವ ರೋಟಾಕ್ಸ್ 912 ಎಂಜಿನ್ನಿಗೆ ತಯಾರಕರು ಒಪ್ಪುವುದು ಶೇಕಡಾ 10ರ ವರೆಗೆ ಮಾತ್ರ. ಇಂಡಿಯನ್ ಆಯಿಲ್ ಸಂಸ್ಥೆ ತನ್ನ ಗುಜರಾತ್ ರಿಫೈನರಿಯಲ್ಲಿ ತಯಾರಿಸುವ ಏವ್‌ಗ್ಯಾಸ್ 100 ಎಲ್‌ಎಲ್ 2022ರಲ್ಲಿ ಬಿಡುಗಡೆಯಾದ ಮೇಲೆ ವಿದೇಶದಿಂದ ಬರುವುದನ್ನೇ ಕಾಯಬೇಕಾದ ಸ್ಥಿತಿ ಇಲ್ಲ. ಹಾಗಾಗಿ ನಮ್ಮದು ಏವ್‌ಗ್ಯಾಸಿನ ವಿಮಾನವೆಂದೇ ತೀರ್ಮಾನಿಸಿದ್ದೇವೆ. ಆದರೂ ತಪ್ಪಿ ಬೇರೆ ಇಂಧನ ಬಿದ್ದರೆ ಟ್ಯಾಂಕ್ ಬಿಚ್ಚಿಕೊಳ್ಳಬಾರದಲ್ಲ.

ಪಾಲಿಸಲ್ಫೈಡ್ ಹೊಸದೇನಲ್ಲ. 1920ರ ದಶಕದಲ್ಲಿ ಅಮೆರಿಕದ ಜೋಸೆಫ್ ಪ್ಯಾಟ್ರಿಕ್ ಎಂಬ ರಸಾಯನತಜ್ಞ ಬೇರೇನನ್ನೋ ಹುಡುಕುತ್ತಿದ್ದಾಗ ಸಿಕ್ಕಿದ, ಗಂಧಕ ಬೆರೆತ, ದುರ್ವಾಸನೆಯ ಈ ರಬ್ಬರಿನ ಮೇಲೆ ಪೆಟ್ರೋಲಿನ ಆಟ ನಡೆಯುವುದಿಲ್ಲವೆಂದು ಕಂಡುಬಂದದ್ದರಿಂದ ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನದ ಟ್ಯಾಂಕುಗಳಿಗೆ ಇದರ ಬಳಕೆ ಶುರುವಾಯಿತು. ಇಂದಿಗೂ ಟ್ಯಾಂಕ್ ಸೀಲೆಂಟ್ ಕೊಳ್ಳುವಾಗ ಡಬ್ಬಿಯ ಮೇಲೆ ನೋಡಬೇಕಾದ ಮುಖ್ಯ ಬರಹ ಎಎಂಎಸ್-ಎಸ್-8802 ಎಂಬ ನಿರ್ದಿಷ್ಟತೆ. ಅದರ ಕೆಳಗೆ ಒಂದು ಅಕ್ಷರ, ಒಂದು ಅಂಕಿ ಇರುತ್ತದೆ. ಎ ದರ್ಜೆಯದನ್ನು ಬ್ರಷ್ಷಿನಿಂದ ಬಳಿಯಬಹುದು. ಬಿ ದರ್ಜೆ ದಪ್ಪ, ನಿಂತ ತಗಡಿಗೆ ಹಚ್ಚಿದರೂ ಜಾರುವುದಿಲ್ಲ. ಸಿ ದರ್ಜೆಯದು ಎರಡು ತಗಡುಗಳ ನಡುವೆ ತೆಳುವಾಗಿ ಹರಡುವುದಕ್ಕೆ. ಅಂಕಿ ಹೇಳುವುದು ಕಲಸಿದ ಮೇಲೆ ಕೆಲಸಕ್ಕೆ ಸಿಗುವ ಗಂಟೆಗಳನ್ನು. ಬಿ-2 ಎಂದರೆ ಎರಡು ಗಂಟೆ, ಬಿ-1/2 ಎಂದರೆ ಅರ್ಧ ಗಂಟೆ.

ಆದರೆ ಈ ಗಂಟೆಗಳು ಮಂಗಳೂರಿನ ಗಂಟೆಗಳಲ್ಲ, ಮತ್ತು ನಮ್ಮ ಊರಲ್ಲಿ ಈ ಕೆಲಸ ಮಾಡುವವರು ಇದನ್ನು ಚೆನ್ನಾಗಿ ತಿಳಿದಿರಬೇಕು. ಅಂಕಿಯನ್ನು ಲೆಕ್ಕ ಹಾಕಿರುವುದು 25 ಡಿಗ್ರಿ ಸೆಲ್ಸಿಯಸ್ ಕಾವು, ಶೇಕಡಾ 50ರ ತೇವಾಂಶಕ್ಕೆ. ಕಾವು ಸುಮಾರು ಐದೂವರೆ ಡಿಗ್ರಿ ಏರಿದರೆ ಕೆಲಸದ ಅವಧಿ ಅರ್ಧಕ್ಕೆ ಇಳಿಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಇನ್ನೂ ಕಡಿಮೆ. ಏಪ್ರಿಲ್ ತಿಂಗಳ 33 ಡಿಗ್ರಿಯ ಸೆಕೆಯಲ್ಲಿ ಬಿ-2 ಕಲಸಿದರೆ ಮುಕ್ಕಾಲು ಗಂಟೆಯೂ ಪೂರ್ತಿ ಸಿಗುವುದಿಲ್ಲ. ಬಿ-1/2 ಆದರೆ ಹತ್ತು ನಿಮಿಷದಲ್ಲಿ ಕಪ್ಪಿನಲ್ಲೇ ಎಳೆ ಎಳೆಯಾಗುತ್ತದೆ. ಬೇಗ ಒಣಗುವುದು ಅನುಕೂಲವೆಂದು ಬಿ-1/2 ಆರಿಸುವ ಯೋಚನೆಯನ್ನು ಇದೊಂದೇ ಲೆಕ್ಕ ತಳ್ಳಿಹಾಕಿತು. ಪಾಲಿಥಯೋಈಥರ್ ಎಂಬ ಹೊಸ ಜಾತಿಯ ಸೀಲೆಂಟ್, ಎಎಂಎಸ್ 3277 ನಿರ್ದಿಷ್ಟತೆಯದು, ಬೇಗ ಗಟ್ಟಿಯಾಗುತ್ತದೆ, ರಿಪೇರಿಗೆ ಬಹಳ ಒಳ್ಳೆಯದು; ಆದರೆ ಹೊಸ ಟ್ಯಾಂಕಿನಲ್ಲಿ ಒಂದೊಂದೇ ರಿಬ್ (ರೆಕ್ಕೆಯೊಳಗಿನ ಅಡ್ಡ ತಗಡು) ಕೂರಿಸಿ, ರಿವೆಟ್ ಹೊಡೆದು, ಅಂಚು ತೀಡಿ ಮುಗಿಸಲು ನಮ್ಮಿಬ್ಬರ ಕೈಗೆ ಬೇಕಾದದ್ದು ವೇಗವಲ್ಲ, ಸಮಾಧಾನ.

ಹಾಗಾಗಿ ಬಿ-2 ಎಂದು ನಿರ್ಧರಿಸಿ, ಕೆಲಸವನ್ನು ಶೆಡ್ಡಿನಿಂದ ಮನೆಯೊಳಗಿನ ಏಸಿ ಕೋಣೆಗೆ ಸಾಗಿಸಿದೆವು. ಟ್ಯಾಂಕಿನ ತುಂಡು ಮಂಚ ತೆಗೆದ ಕೋಣೆಯಲ್ಲಿ ಸರಿಯಾಗಿ ಹಿಡಿಯುತ್ತದೆ. ಇಲ್ಲಿ ಕರಾವಳಿಯವರು ಗಮನಿಸಬೇಕಾದ ಇನ್ನೊಂದು ಸಂಗತಿ ಇಬ್ಬನಿ ಬಿಂದು, ಅಂದರೆ ಯಾವ ಕಾವಿಗಿಂತ ತಣ್ಣಗಾದ ವಸ್ತುವಿನ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೋ ಆ ಕಾವು. ಬೇಸಿಗೆಯ ಕೊನೆಯಲ್ಲಿ ನಮ್ಮಲ್ಲಿ ಅದು 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಏಸಿಯಲ್ಲಿ 24 ಡಿಗ್ರಿಗೆ ತಣಿದ ತಗಡಿಗೆ ಬಾಗಿಲು ತೆರೆದಾಗ ಹೊರಗಿನ ಗಾಳಿ ತಾಗಿದರೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಕೂರುತ್ತದೆ, ಅದರ ಮೇಲೆ ಹಚ್ಚಿದ ಸೀಲೆಂಟ್ ಲೋಹಕ್ಕೆ ಅಂಟುವುದಿಲ್ಲ. ಫ್ರಿಜ್ಜಿನಿಂದ ತೆಗೆದ ಡಬ್ಬಿಯದೂ ಇದೇ ಕತೆ; ಕೋಣೆಯ ಕಾವಿಗೆ ಬರುವ ತನಕ ಮುಚ್ಚಳ ತೆರೆಯಬಾರದು. ಈ ಕಾರಣಕ್ಕೆ ತಗಡು, ರಿಬ್, ಡಬ್ಬಿ ಎಲ್ಲವನ್ನೂ ಹಿಂದಿನ ರಾತ್ರಿಯೇ ಕೋಣೆಗೆ ತಂದು, ಬೆಳಿಗ್ಗೆ ಬಾಗಿಲು ಹಾಕಿದರೆ ಕೆಲಸ ಮುಗಿಯುವ ತನಕ ತೆರೆಯದ ಪದ್ಧತಿ ಇಟ್ಟುಕೊಂಡೆವು. ಕೆಲಸಕ್ಕೆ ಆರಿಸಿದ್ದು ಜನವರಿ, ಫೆಬ್ರವರಿ. ಜೂನಿನಿಂದ ಸೆಪ್ಟೆಂಬರ್ ತನಕ ಸೀಲೆಂಟ್ ಡಬ್ಬಿಯನ್ನು ಮುಟ್ಟುವ ಮಾತೇ ಇಲ್ಲ.

ತಿಂಗಳು ಮೊದಲೇ ನಿಶ್ಚಯವಾದ್ದರಿಂದ ಖರೀದಿಯ ಲೆಕ್ಕವೂ ಸುಲಭವಾಯಿತು. ಈ ಸೀಲೆಂಟಿನ ಬಾಳಿಕೆ ತೆರೆಯದ ಡಬ್ಬಿಯಲ್ಲಿ, 27 ಡಿಗ್ರಿಗಿಂತ ಕೆಳಗೆ ಇಟ್ಟರೆ, ಸಾಮಾನ್ಯವಾಗಿ ಒಂಬತ್ತು ತಿಂಗಳು. ಅದರಲ್ಲಿ ಸಾಗಣೆಗೂ ಕಸ್ಟಮ್ಸಿಗೂ ಎಷ್ಟು ಹೋಗುತ್ತದೆಂದು ಮೊದಲೇ ಕಳೆದು ನೋಡಬೇಕು. ಒಬ್ಬ ಮಾರಾಟಗಾರರು ಅವಧಿ ಮುಗಿಯಲು ಕೆಲವೇ ವಾರ ಉಳಿದಿದ್ದ ಡಬ್ಬಿ ಕಳಿಸಿದರು. ಅದನ್ನು ಕಲಸಿ ನೋಡಿದಾಗ ಬೇಸ್, ಅಂದರೆ ಎರಡು ಭಾಗಗಳಲ್ಲಿ ಬರುವ ಸೀಲೆಂಟಿನ ಮುಖ್ಯ ಭಾಗ, ಹಿಟ್ಟು ಹಿಟ್ಟಾಗಿತ್ತು. ಅಭ್ಯಾಸಕ್ಕೆ ಬಳಸಿ ಮುಗಿಸಿದೆವು, ಟ್ಯಾಂಕಿಗೆ ಮುಟ್ಟಿಸಲಿಲ್ಲ. ಅಂದಿನಿಂದ ಹಣ ಕೊಡುವ ಮೊದಲು ತಯಾರಿಕೆಯ ದಿನಾಂಕ ಮತ್ತು ಬ್ಯಾಚ್ ನಂಬರಿನ ಫೋಟೋ ತರಿಸಿಕೊಳ್ಳುತ್ತೇವೆ. ಬೆಲೆಯಲ್ಲಿ ಅಗ್ಗವಾದರೂ ದೊಡ್ಡ ಡಬ್ಬಿ ಬೇಡ. ತೆರೆದ ಮೇಲೆ ಉಳಿದದ್ದು ನಮ್ಮ ಹವೆಯಲ್ಲಿ ಉಳಿಯುವುದಿಲ್ಲ.

ಕೆಲಸದ ಬಗ್ಗೆ ಒಂದಿಷ್ಟು ಹೇಳುತ್ತೇನೆ, ಏಕೆಂದರೆ ಆರಿಸಿದ ಸೀಲೆಂಟ್ ಸರಿಯಿದ್ದರೂ ತಗಡು ಶುಚಿಯಿಲ್ಲದಿದ್ದರೆ ಎಲ್ಲವೂ ವ್ಯರ್ಥ. ಹೊಳೆಯುವ ಮೇಲ್ಮೈಯನ್ನು ಸ್ಕಾಚ್‌ಬ್ರೈಟಿನಿಂದ ಉಜ್ಜಿ ಮಂಕು ಮಾಡಿ, ಎಂಇಕೆ ದ್ರಾವಕದಲ್ಲಿ ಅದ್ದಿದ ಬಿಳಿ ಹತ್ತಿಬಟ್ಟೆಯಿಂದ ಒರೆಸಬೇಕು, ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ತೆಗೆಯಬೇಕು. ತಾನಾಗಿ ಆರಲು ಬಿಟ್ಟರೆ ಕೊಳೆ ಮತ್ತೆ ಅಲ್ಲೇ ಕೂರುತ್ತದೆ. ಬಟ್ಟೆ ಬಿಳಿಯಾಗಿಯೇ ಬರುವ ತನಕ ಮಾವ ಬಿಡುತ್ತಿರಲಿಲ್ಲ. ಬೆರೆಸುವುದು ತೂಕದಲ್ಲಿ, ಬೇಸ್ ಹತ್ತಕ್ಕೆ ಹಾರ್ಡನರ್ ಒಂದು. ಚಿನ್ನ ತೂಗುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಐವತ್ತು ಗ್ರಾಂ ಬಿಳಿಯ ಬೇಸ್‌ಗೆ ಐದು ಗ್ರಾಂ ಕಪ್ಪು ಹಾರ್ಡನರ್ ಸೇರಿಸಿ, ಚಪ್ಪಟೆ ಕಡ್ಡಿಯಿಂದ ಕಪ್ಪಿನ ತಳ, ಬದಿಗಳನ್ನು ಕೆರೆಯುತ್ತಾ, ಗಾಳಿ ಸೇರದಂತೆ ಮಡಚಿ ಮಡಚಿ ಕಲಸಿದರೆ ಬೂದು ಬಣ್ಣ ಬರುತ್ತದೆ. ಕಲಸಿದ್ದನ್ನು ಗಾಜಿನ ಮೇಲೆ ತೆಳುವಾಗಿ ಎಳೆದು ಬೆಳಕಿಗೆ ಹಿಡಿದಾಗ ಒಂದು ಬಿಳಿಗೆರೆ ಕಂಡರೂ ಮತ್ತೆ ಕಲಸಬೇಕು. ಹಾರ್ಡನರಿನ ಕಪ್ಪು ಮ್ಯಾಂಗನೀಸ್ ಡೈಆಕ್ಸೈಡಿನದು. ಅದು ಚರ್ಮಕ್ಕೆ ತಾಗಬಾರದು. ಎಂಇಕೆಯ ಆವಿಯೂ ಒಳ್ಳೆಯದಲ್ಲ, ಹೊತ್ತಿಕೊಳ್ಳುವಂಥದ್ದು ಬೇರೆ. ಹಾಗಾಗಿ ಒರೆಸುವ ಕೆಲಸವನ್ನು ಹಿಂದಿನ ಸಂಜೆ ಒಮ್ಮೆ ತೆರೆದ ಶೆಡ್ಡಿನಲ್ಲಿ ಮಾಡಿ, ಕೋಣೆಯಲ್ಲಿ ಕೊನೆಯ ಒರೆತಕ್ಕೆ ಮಾತ್ರ ಮಾಸ್ಕ್ ಹಾಕಿಕೊಂಡು ಸ್ವಲ್ಪವೇ ಬಳಸುತ್ತಿದ್ದೆವು.

ರಿಬ್ಬಿನ ಅಂಚಿಗೆ ತೆಳುವಾಗಿ ಹಚ್ಚಿ, ತಗಡಿಗೆ ಕೂರಿಸಿ, ಕ್ಲೆಕೊಗಳೆಂಬ ತಾತ್ಕಾಲಿಕ ಪಿನ್ನುಗಳಿಂದ ಬಿಗಿದಾಗ ಅಂಚಿನ ಉದ್ದಕ್ಕೂ ಸೀಲೆಂಟ್ ಸಣ್ಣ ದಾರದಂತೆ ಹೊರಬರಬೇಕು. ಹೊರಬಾರದ ಜಾಗದಲ್ಲಿ ಒಳಗೆ ಖಾಲಿ ಇದೆ ಎಂದೇ ತಿಳಿಯಬೇಕು. ಪ್ರತಿ ರಿವೆಟ್ಟಿನ ಕುತ್ತಿಗೆಗೂ ಸೀಲೆಂಟ್ ತಾಗಿಸಿ ಹೊಡೆದು, ಒಳಗಡೆಯ ತಲೆಯನ್ನು ಪೂರ್ತಿ ಮುಚ್ಚಿ, ಸೂಜಿಯಿಲ್ಲದ ಇಂಜೆಕ್ಷನ್ ಸಿರಿಂಜಿನಿಂದ ಮೂಲೆಗಳಲ್ಲಿ ಸಾಲು ಎಳೆದು, ಐಸ್‌ಕ್ರೀಂ ಕಡ್ಡಿಯಿಂದ ಒತ್ತಿ ತೀಡಬೇಕು. ನುಣುಪಾಗಲೆಂದು ಕಡ್ಡಿಯನ್ನು ಸೋಪುನೀರಿಗೆ ಅದ್ದುವುದು ಸಲ್ಲದು, ಮುಂದಿನ ಪದರ ಹಿಡಿಯುವುದಿಲ್ಲ. ಪ್ರತಿ ಕಪ್ಪಿನಲ್ಲಿ ಉಳಿದ ಚೂರನ್ನು ತಾರೀಖು, ಬ್ಯಾಚ್ ನಂಬರ್ ಬರೆದು ಟ್ಯಾಂಕಿನ ಪಕ್ಕದಲ್ಲೇ ಇಟ್ಟೆವು. ಟ್ಯಾಂಕಿನೊಳಗೆ ಕೈಹಾಕಿ ನೋಡುವ ಬದಲು ಆ ಚೂರನ್ನು ಒತ್ತಿ ನೋಡಿದರೆ ಗಟ್ಟಿಯಾಗಿದೆಯೋ ಇಲ್ಲವೋ ತಿಳಿಯುತ್ತದೆ. ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ಪರಿಶೀಲನೆಗೆ ಇಡುವ ದಾಖಲೆಗೂ ಅದು ಸೇರಿದೆ.

ಎಲ್ಲ ಮುಚ್ಚಿದ ಮೇಲೆ ಒಳಗಿಂದ ದ್ರಾವಣ ಸುರಿದು ಅಲ್ಲಾಡಿಸಿ ಗೋಡೆಗೆಲ್ಲ ಪದರ ಕೂರಿಸುವ ಹಳೆಯ ಪದ್ಧತಿಯೊಂದಿದೆ. ವರ್ಷಗಳ ನಂತರ ಆ ಪದರ ಸಿಪ್ಪೆಯಾಗಿ ಎದ್ದು ಇಂಧನದ ಫಿಲ್ಟರ್ ಕಟ್ಟಿದ ಉದಾಹರಣೆಗಳು ಇರುವುದರಿಂದ ಅದನ್ನು ನಾವು ಪರಿಗಣಿಸಲೇ ಇಲ್ಲ.

ಸೋರಿಕೆ ಪರೀಕ್ಷೆಗೆ ಕೆಲವರು ಬಲೂನು ಕಟ್ಟುತ್ತಾರೆ. ನಾವು ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಹಲಗೆಗೆ ಬಡಿದು, ಕುಂಕುಮ ಬೆರೆಸಿದ ನೀರು ತುಂಬಿ, ಟ್ಯಾಂಕಿನೊಳಗಿನ ಒತ್ತಡ ಅರವತ್ತು ಸೆಂಟಿಮೀಟರ್ ನೀರಿನಷ್ಟಾಗುವ ತನಕ ಗಾಳಿ ತುಂಬಿದೆವು. ಎಪ್ಪತ್ತು ಸೆಂಟಿಮೀಟರ್ ಎಂದರೆ ಸುಮಾರು ಚದರ ಇಂಚಿಗೆ ಒಂದು ಪೌಂಡ್ ಒತ್ತಡ, ಅಂದರೆ ಒಂದು ಪಿಎಸ್‌ಐ. ತೆಳುತಗಡಿನ ಟ್ಯಾಂಕಿಗೆ ಅದಕ್ಕಿಂತ ಹೆಚ್ಚು ಬೇಡ. ಈ ನೀರಿನ ಸಾಲು ಬಹಳ ಸೂಕ್ಷ್ಮ. ಟ್ಯಾಂಕಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೀರು ಸುಮಾರು ಮೂರೂವರೆ ಸೆಂಟಿಮೀಟರ್ ಏರುತ್ತದೆ. ಅಲ್ಲದೆ ನಮ್ಮಂಥ ಉಷ್ಣವಲಯದ ಊರುಗಳಲ್ಲಿ ವಾಯುಮಂಡಲದ ಒತ್ತಡ ದಿನವೂ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ ಸಂಜೆ ನಾಲ್ಕರ ಹೊತ್ತಿಗೆ ಇಳಿಯುತ್ತದೆ, ಅದರಿಂದಲೇ ಸಾಲು ಎರಡು ಮೂರು ಸೆಂಟಿಮೀಟರ್ ಹಂದಾಡುತ್ತದೆ. ಟ್ಯಾಂಕ್ ಎಷ್ಟೇ ಭದ್ರವಾಗಿದ್ದರೂ ನೀರು ಅಲ್ಲಾಡಿಯೇ ಅಲ್ಲಾಡುತ್ತದೆ. ಆದ್ದರಿಂದ ಒಂದು ದಿನದ ಬೆಳಗಿನ ಅಳತೆಯನ್ನು ಮರುದಿನ ಅದೇ ಹೊತ್ತಿನ, ಅದೇ ಕಾವಿನ ಅಳತೆಗೆ ಮಾತ್ರ ಹೋಲಿಸಬೇಕು. ಎಡ ಟ್ಯಾಂಕಿನಲ್ಲಿ ನೀರು ಗುರುತಿಗೇ ಬಂದು ನಿಂತಿತು. ಬಲ ಟ್ಯಾಂಕಿನಲ್ಲಿ ನಿಧಾನವಾಗಿ ಇಳಿಯುತ್ತಿತ್ತು. ಸೋಪುನೀರು ಹಚ್ಚಿ ಹುಡುಕಿದಾಗ ಗುಳ್ಳೆ ಎದ್ದದ್ದು ಯಾವ ರಿವೆಟ್ಟಿನಲ್ಲೂ ಅಲ್ಲ, ಕೆಳಗಿನ ಡ್ರೈನ್ ವಾಲ್ವಿನ ಥ್ರೆಡ್ಡಿನಲ್ಲಿ. ಅದನ್ನು ಪರೀಕ್ಷೆಗೆಂದು ಬರಿದೇ ತಿರುಗಿಸಿ ಕೂರಿಸಿದ್ದೆವು. ಮೊನಚಾಗುತ್ತಾ ಹೋಗುವ ಪೈಪ್ ಥ್ರೆಡ್ಡಿಗೆ ಪೆಟ್ರೋಲಿಗೆ ತಾಳುವ ಥ್ರೆಡ್ ಸೀಲೆಂಟ್ ಪೇಸ್ಟ್ ಹಚ್ಚಬೇಕು. ಪ್ಲಂಬರುಗಳ ಟೆಫ್ಲಾನ್ ಟೇಪ್ ಬೇಡವೇ ಬೇಡ, ಅದರ ಎಳೆ ಕಳಚಿ ಕಾರ್ಬ್ಯುರೇಟರಿಗೆ ಹೋಗುತ್ತದೆ. ಫ್ಲೇರ್ ಮಾಡಿದ, ಅಂದರೆ ಬಾಯಿ ಅಗಲಿಸಿದ ಪೈಪಿನ ಜಾಯಿಂಟಿಗೆ ಮಾತ್ರ ಏನೂ ಹಚ್ಚಬಾರದು, ಅಲ್ಲಿ ಲೋಹಕ್ಕೆ ಲೋಹವೇ ಸೀಲ್.

ಟ್ಯಾಂಕಿನಲ್ಲಿ ಮುಂದೆ ಬಿಚ್ಚಬೇಕಾಗಬಹುದಾದ ಮುಚ್ಚಳದ ವಿಷಯದಲ್ಲಿ ಮಾವನಿಗೂ ನನಗೂ ಮತ ಕೂಡಲಿಲ್ಲ. ಕಡಿಮೆ ಅಂಟುವ, ಬಿಚ್ಚಲು ಸುಲಭವಾದ ವಿಶೇಷ ಸೀಲೆಂಟ್ ಸಿಗುತ್ತದೆ, ಅದನ್ನೇ ತರಿಸೋಣವೆಂದು ನಾನು. "ಸೋರಬಾರದು ಅನ್ನುವುದು ಮೊದಲು, ಬಿಚ್ಚುವುದು ಆಮೇಲೆ. ಬಿಚ್ಚಲಿಕ್ಕೆ ತೆಳು ಸ್ಟೀಲ್ ವಯರ್ ಎಳೆದರೆ ಸಾಕು ಮಾರಾಯಾ" ಎಂದು ಅವರು. ಅಭ್ಯಾಸದ ತುಂಡಿನ ಮೇಲೆ ವಯರ್ ಎಳೆದು ತೋರಿಸಿದ ಮೇಲೆ ಒಪ್ಪಿಕೊಂಡೆ. ಟ್ಯಾಂಕಿನ ಬಿ-2ವನ್ನೇ ಅಲ್ಲಿಗೂ ಹಚ್ಚಿದ್ದೇವೆ.

ಫೈರ್‌ವಾಲಿಗೆ ಬಂದರೆ ಲೆಕ್ಕವೇ ಬೇರೆ. ಎಂಜಿನ್ನಿಗೂ ನಮಗೂ ನಡುವಿನ ಆ ಸ್ಟೀಲ್ ತಗಡು ಪ್ರಮಾಣಪತ್ರದ ವಿಮಾನಗಳಲ್ಲಿ ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಜ್ವಾಲೆಯನ್ನು 15 ನಿಮಿಷ ತಡೆಯಬೇಕೆಂಬ ನಿಯಮವಿದೆ. ಆಟೊಮೊಬೈಲ್ ಅಂಗಡಿಯ ಕೆಂಪು ಸಿಲಿಕೋನ್ ತಾಳುವುದು ಸುಮಾರು 300 ಡಿಗ್ರಿ. ಎಂಜಿನ್ನಿನ ಗ್ಯಾಸ್ಕೆಟ್ಟಿಗೆ ಅದು ಸಾಕು, ಜ್ವಾಲೆಗೆ ಸಾಲದು. ತಗಡಿನಲ್ಲಿ ಕೇಬಲ್ ಹಾಯುವ ಒಂದು ತೂತು ತೆರೆದುಕೊಂಡರೆ ಬೆಂಕಿಗಿಂತ ಮೊದಲೇ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ಅಲ್ಲಿಗೆ ಎಎಂಎಸ್ 3374 ನಿರ್ದಿಷ್ಟತೆಯ ಫೈರ್‌ವಾಲ್ ಸೀಲೆಂಟ್ ಬಿಟ್ಟು ಬೇರೆ ಯೋಚನೆಯನ್ನೇ ಮಾಡಲಿಲ್ಲ.

ಉಳಿದದ್ದು ಉಪ್ಪುಗಾಳಿ. ಪಣಂಬೂರಿನ ಕಡೆಯಿಂದ ಬೀಸುವ ಗಾಳಿಗೆ ಶೆಡ್ಡಿನ ಕಬ್ಬಿಣದ ಮೊಳೆ ಏನಾಗುತ್ತದೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಸ್ಟೀಲ್ ಬ್ರಾಕೆಟ್ ಅಲ್ಯುಮಿನಿಯಮ್ಮಿಗೆ ತಾಗುವ ಕಡೆಗಳಲ್ಲಿ ಉಪ್ಪುನೀರು ಸೇರಿದರೆ ಸವೆಯುವುದು ಅಲ್ಯುಮಿನಿಯಮ್ಮೇ. ತುಕ್ಕು ತಡೆಯುವ ಕ್ರೋಮೇಟ್ ಬೆರೆತ ಸೀಲೆಂಟ್ ಅಲ್ಲಿಗೆ ಉತ್ತಮವೆಂದು ಪುಸ್ತಕಗಳು ಹೇಳುತ್ತವೆ. ಆದರೆ ಕ್ರೋಮೇಟ್ ಕ್ಯಾನ್ಸರ್‌ಕಾರಕ, ಮನೆಯ ಹಿಂದಿನ ಶೆಡ್ಡಿನಲ್ಲಿ ಅದರ ಧೂಳು ಬೇಡ. ಎರಡೂ ಕಡೆ ಎಪಾಕ್ಸಿ ಪ್ರೈಮರ್ ಹೊಡೆದು, ನಡುವೆ ಕ್ರೋಮೇಟ್ ಇಲ್ಲದ ಸಿ ದರ್ಜೆಯ ಪಾಲಿಸಲ್ಫೈಡ್ ಹಚ್ಚಿ, ಸ್ಕ್ರೂಗಳನ್ನೂ ಅದರಲ್ಲೇ ಅದ್ದಿ ತಿರುಗಿಸುತ್ತಿದ್ದೇವೆ. ತೂಕ ಸ್ವಲ್ಪ ಹೆಚ್ಚುತ್ತದೆ, ಕರಾವಳಿಯಲ್ಲಿ ಆ ತೂಕವನ್ನು ಹೊರುವುದೇ ಸರಿ.

ಕ್ಯಾನೊಪಿಯ, ಅಂದರೆ ಸೀಟುಗಳ ಮೇಲಿನ ಪಾರದರ್ಶಕ ಮುಚ್ಚಿಗೆಯ ಅಕ್ರಿಲಿಕ್ ಇನ್ನೂ ಪೆಟ್ಟಿಗೆಯಲ್ಲೇ ಇದೆ. ಅಕ್ರಿಲಿಕ್ಕಿಗೆ ಎಂಇಕೆ ತಾಗಿದರೆ ಸಣ್ಣ ಬಿರುಕುಗಳೇಳುವುದರಿಂದ ಟ್ಯಾಂಕಿಗೆ ಕಲಿತ ಶುಚಿಯ ಪದ್ಧತಿ ಅಲ್ಲಿ ನಡೆಯುವುದಿಲ್ಲ. ಪಾಲಿಯುರೆಥೇನೋ, ನ್ಯೂಟ್ರಲ್ ಸಿಲಿಕೋನೋ ಎಂಬುದು ತೀರ್ಮಾನವಾಗಿಲ್ಲ. ಅಂಚು ಕತ್ತರಿಸಿ ಉಳಿಯುವ ತುಂಡುಗಳಿಗೆ ಎರಡನ್ನೂ ಹಚ್ಚಿ, ಸ್ವಲ್ಪ ಬಾಗಿಸಿ ತಗಡಿಗೆ ಬಿಗಿದು, ಮಳೆಗಾಲ ಮುಗಿಯುವ ತನಕ ಶೆಡ್ಡಿನ ಮಾಡಿನ ಮೇಲೆ ಇಡಲಿದ್ದೇವೆ. ಅಂಟು ಬಿಡದೆ, ಬಿರುಕು ಬಾರದೆ ಉಳಿದದ್ದನ್ನು ಅಕ್ಟೋಬರಿನಲ್ಲಿ ತರಿಸುತ್ತೇವೆ.